ಹಳೆಯ ಮೈಕಿನ ರಬ್ಬರು ಬಿಲ್ಲೆ

ಬ್ಯಾಂಕಿನಲ್ಲಿ ಗುಮಾಸ್ತಗಿರಿ ಮಾಡುವ ನಮ್ಮಂಥವರಿಗೆ ಸವಕಳಿ ಎಂಬ ಮಾತು ಹೊಸದಲ್ಲ. ಮೇಜು, ಕುರ್ಚಿ, ಕಪಾಟು, ಯಂತ್ರ ಎಲ್ಲಕ್ಕೂ ವರ್ಷಕ್ಕೆ ಇಷ್ಟೆಂದು ಬೆಲೆ ಇಳಿಸಿ ಲೆಕ್ಕ ಬರೆಯುವುದು ನಮ್ಮ ವೃತ್ತಿಧರ್ಮ. ಆದರೆ ಲೆಕ್ಕದ ಪುಸ್ತಕದಲ್ಲಿ ಒಂದು ಯಂತ್ರವೆಂದರೆ ಒಂದೇ ವಸ್ತು. ಅದರೊಳಗಿನ ಉಕ್ಕು, ಹಿತ್ತಾಳೆ, ರಬ್ಬರು ಎಲ್ಲವೂ ಒಂದೇ ದರದಲ್ಲಿ ಸವೆಯುತ್ತವೆಂದು ನಾವು ಭಾವಿಸುತ್ತೇವೆ. ನಿಜಸ್ಥಿತಿ ಹಾಗಿಲ್ಲ. ನೂರು ವರ್ಷ ಬಾಳುವ ಭಾಗವೂ, ಇಪ್ಪತ್ತು ಮೂವತ್ತು ವರ್ಷಕ್ಕೆ ಮುಗಿದುಹೋಗುವ ಭಾಗವೂ ಒಂದೇ ಯಂತ್ರದಲ್ಲಿ ಜೊತೆಯಾಗಿ ಕುಳಿತಿರುತ್ತವೆ. ಈ ಮಾತನ್ನು ನಮಗೆ ಕಲಿಸಿದ್ದು ಕಾಮರ್ಸ್ ಪದವಿಯಲ್ಲ, ನಮ್ಮ ಸಂಘದ ಕಪಾಟಿನಲ್ಲಿದ್ದ ಒಂದು ಹಳೆಯ ಮೈಕು. ಅದರ ಕಥೆಯನ್ನೂ, ಅದರ ನೆವದಿಂದ ನಾವು ತಿಳಿದುಕೊಂಡ ಚರಿತ್ರೆಯನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಮುಂಬಯಿ ನಗರದ ಚಲನಚಿತ್ರ ಸ್ಟುಡಿಯೋಗಳಲ್ಲಿ ಧ್ವನಿಮುದ್ರಣದ ಕೆಲಸ ಮಾಡಿ ನಿವೃತ್ತರಾಗಿದ್ದ ನಮ್ಮ ಹಿರಿಯ ಸದಸ್ಯರೊಬ್ಬರು ತೀರಿಕೊಂಡ ಮೇಲೆ, ಅವರ ಮನೆಯವರು ಅವರ ಒಂದು ರಿಬ್ಬನ್ ಮೈಕನ್ನು ಸಂಘಕ್ಕೆ ಕೊಟ್ಟರು. ಮೂರೂವರೆ ಕಿಲೋ ತೂಕ. ಅಂಗೈಗಿಂತ ದೊಡ್ಡ ತಲೆ. ಸುತ್ತ ಲೋಹದ ಜಾಲರಿ. ತಯಾರಕರ ಹೆಸರು ಇಲ್ಲಿ ಮುಖ್ಯವಲ್ಲ. ಹಿರಿಯರ ಪತ್ನಿ, ಎಂಬತ್ತಾರು ವರ್ಷದ ಅಜ್ಜಿ, ಧಾರವಾಡದ ಕಡೆಯವರು. ಬೀಸುವ ಪದಗಳನ್ನು ಬಲ್ಲವರು. ಅವರ ಹೆಣ್ಣುಮಕ್ಕಳಿಗಾಗಲಿ ಸೊಸೆಯರಿಗಾಗಲಿ ಆ ಪದಗಳು ಬರುವುದಿಲ್ಲ. ಅಜ್ಜಿಯ ಹಾಡುಗಳನ್ನು ಅಜ್ಜನ ಮೈಕಿನಲ್ಲಿಯೇ ಮುದ್ರಿಸಬೇಕೆಂದು ಮೊಮ್ಮಗಳು ಹಟ ಹಿಡಿದಳು. ನಾವೂ ಒಪ್ಪಿದೆವು.

ಜೂನ್ ತಿಂಗಳ ಒಂದು ಭಾನುವಾರ ಸಂಘದ ಕೊಠಡಿಯಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿ ಒಂಬತ್ತು ಹಾಡುಗಳನ್ನು ಮುದ್ರಿಸಿದೆವು. ಕೊಠಡಿ ರೈಲು ಹಳಿಗೆ ಹತ್ತಿರ. ಆದರೆ ಮುದ್ರಿಸುವಾಗ ನಮ್ಮ ಕಿವಿಗೆ ವಿಶೇಷವಾದುದೇನೂ ಕೇಳಿಸಲಿಲ್ಲ. ಹೆಡ್‌ಫೋನು ಹಾಕಿಕೊಂಡು ಪರೀಕ್ಷಿಸುವ ಬುದ್ಧಿಯೂ ನಮಗಿರಲಿಲ್ಲ. ಆಮೇಲೆ ಹಾಕಿ ಕೇಳಿದರೆ ಹಾಡಿನ ಕೆಳಗೆ ಗುಡುಗುಡು ಸದ್ದು. ಲೋಕಲ್ ಗಾಡಿ ಹೋದಾಗಲೆಲ್ಲ ಅದು ಏರುತ್ತಿತ್ತು. ಪಕ್ಕದವರು ನಡೆದಾಡಿದರೆ ಡೊಳ್ಳು ಬಡಿದಂತಾಗುತ್ತಿತ್ತು. ಅಜ್ಜಿ ಕೇಳಿ ಆಶ್ಚರ್ಯಪಟ್ಟು, "ತಮ್ಮಾ, ನಾ ಬೀಸುಕಲ್ಲು ಮುಟ್ಟೇ ಇಲ್ಲ. ಕಲ್ಲಿನ ಸಪ್ಪಳ ಎಲ್ಲಿಂದ ಬಂತು?" ಎಂದರು.

ಕಲ್ಲಿನ ಸಪ್ಪಳ ಬಂದದ್ದು ನೆಲದಿಂದ. ಅದನ್ನು ತಡೆಯಬೇಕಾಗಿದ್ದುದು ಮೈಕಿನ ಮೈಗೂ ಅದರ ಬುಡಕ್ಕೂ ನಡುವೆ ಇದ್ದ ನಾಲ್ಕು ರಬ್ಬರು ಬಿಲ್ಲೆಗಳು. ತೆಗೆದು ನೋಡಿದರೆ ಎರಡು ಬಿಲ್ಲೆಗಳು ಕಲ್ಲಿನಂತೆ ಗಟ್ಟಿಯಾಗಿದ್ದವು; ಉಳಿದೆರಡು ಹಳಸಿದ ಬೆಲ್ಲದಂತೆ ಬೆರಳಿಗಂಟಿದವು.

ಮೈಕಿಗೆ ರಬ್ಬರೇಕೆ ಬೇಕು? ಇದಕ್ಕೆ ಬಾನುಲಿಯ ಬಾಲ್ಯಕ್ಕೆ ಹೋಗಬೇಕು. ಮೊದಮೊದಲ ಮೈಕುಗಳಲ್ಲಿ ಇದ್ದಲಿನ ಹರಳುಗಳ ಮೂಲಕ ವಿದ್ಯುತ್ತು ಹರಿಯುತ್ತಿತ್ತು. ದನಿಯ ಅಲೆಗೆ ಹರಳುಗಳು ಅದುಮಿ ಸಡಿಲವಾದಂತೆ ವಿದ್ಯುತ್ತೂ ಹೆಚ್ಚು ಕಡಿಮೆಯಾಗುತ್ತಿತ್ತು. ಆದರೆ ಆ ಹರಳುಗಳಿಗೆ ದನಿ ಯಾವುದು, ಮೇಜಿನ ಕುಲುಕು ಯಾವುದು ಎಂಬ ಭೇದ ತಿಳಿಯದು. ಆದುದರಿಂದ ಅಂಥ ಮೈಕನ್ನು ಒಂದು ಲೋಹದ ಬಳೆಯ ನಡುವೆ ಸ್ಪ್ರಿಂಗುಗಳಿಂದ ತೂಗುಬಿಡುತ್ತಿದ್ದರು. ಹಳೆಯ ಚಿತ್ರಗಳಲ್ಲಿ ಭಾಷಣಕಾರರ ಮುಂದೆ ಜೇಡನ ಬಲೆಯ ನಡುವೆ ಕುಳಿತಂತೆ ಕಾಣುವ ಮೈಕು ಇದೇ.

ಲಂಡನ್ನಿನ ಬಿ.ಬಿ.ಸಿ. ಸಂಸ್ಥೆಯು ೧೯೨೨ರಲ್ಲಿ ಪ್ರಸಾರವನ್ನು ಪ್ರಾರಂಭಿಸಿ, ಮರುವರ್ಷವೇ ರೌಂಡ್ ಮತ್ತು ಸೈಕ್ಸ್ ಎಂಬ ಎಂಜಿನಿಯರುಗಳ ಹೆಸರಿನ ಹೊಸ ಮೈಕನ್ನು ಬಳಕೆಗೆ ತಂದಿತು. ಅದರಲ್ಲಿ ಭಾರಿ ಅಯಸ್ಕಾಂತ. ಅದರ ಎದುರಿಗೆ ಹತ್ತಿಯ ಉಂಡೆಗಳಿಗೆ ವ್ಯಾಸಲಿನ್ ಬಳಿದು ಅಂಟಿಸಿದ ತಂತಿಯ ಸುರುಳಿ. ನೆಲದ ನಡುಕ ತಾಗದಂತೆ ಇಡೀ ಯಂತ್ರವನ್ನು ರಬ್ಬರಿನ ಜೋಲಿಯಲ್ಲಿ ಮಲಗಿಸಿ, ಜಾಲರಿಯ ಪೆಟ್ಟಿಗೆಯೊಳಗಿಟ್ಟು, ಗಾಲಿಯ ಬಂಡಿಯ ಮೇಲೆ ತಳ್ಳಿಕೊಂಡು ಹೋಗುತ್ತಿದ್ದರು. ಆಂಗ್ಲರ ಮನೆಗಳಲ್ಲಿ ನೊಣ ಮುತ್ತದಂತೆ ಮಾಂಸವಿಡುವ ಜಾಲರಿ ಪೆಟ್ಟಿಗೆಗೆ ಹೋಲಿಸಿ ಕೆಲಸಗಾರರು ಅದನ್ನು ಪರಿಹಾಸ್ಯ ಮಾಡುತ್ತಿದ್ದರು. ಹೀಗೆ ಸ್ಟುಡಿಯೋ ಮೈಕಿನ ಚರಿತ್ರೆಯ ಆರಂಭದಲ್ಲಿಯೇ ರಬ್ಬರು ಅದಕ್ಕೆ ಜೊತೆಯಾಗಿ ಬಂದಿತು.

ತರುವಾಯ ಬಂದುದು ರಿಬ್ಬನ್ ಮೈಕು. ಅಮೆರಿಕದ ಆರ್.ಸಿ.ಎ. ಕಂಪನಿಯಲ್ಲಿ ಹ್ಯಾರಿ ಓಲ್ಸನ್ ಎಂಬ ವಿಜ್ಞಾನಿ ಇದನ್ನು ಬೆಳೆಸಿದರು. ೧೯೩೦ರ ದಶಕದ ಮೊದಲ ವರ್ಷಗಳಲ್ಲಿ ಆ ಕಂಪನಿಯ ೪೪ ಎಂಬ ಮಾದರಿಯು ಹೊರಬಂದು, ಬಾನುಲಿಯ ಗುರುತೇ ಅದೆಂಬಂತಾಯಿತು. ಬಿ.ಬಿ.ಸಿ.ಯವರು ೧೯೩೪ರಲ್ಲಿ ಮಾರ್ಕೋನಿ ಕಂಪನಿಯೊಡನೆ ಸೇರಿ ತಮ್ಮದೇ ರಿಬ್ಬನ್ ಮೈಕನ್ನು ತಂದರು. ಇದರೊಳಗಿನ ಏರ್ಪಾಡು ಬಹು ಸರಳ. ಬಲವಾದ ಅಯಸ್ಕಾಂತದ ಎರಡು ತುದಿಗಳ ನಡುವೆ ಸುಕ್ಕು ಸುಕ್ಕಾಗಿ ಮಡಿಸಿದ ಅಲ್ಯೂಮಿನಿಯಂ ಹಾಳೆಯ ಒಂದು ಪಟ್ಟಿ. ಅದರ ದಪ್ಪ ಎರಡು ಮೂರು ಮೈಕ್ರಾನು ಮಾತ್ರ. ನಮ್ಮ ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಭಾಗದಷ್ಟು ಎಂದುಕೊಳ್ಳಬಹುದು. ದನಿಯ ಗಾಳಿಗೆ ಪಟ್ಟಿ ಅಲುಗುತ್ತದೆ. ಅಲುಗಿದಾಗ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ.

ಆದರೆ ಇಲ್ಲಿಯೇ ತೊಡಕೂ ಇದೆ. ನೆಲ ನಡುಗಿದರೆ ಮೈಕಿನ ಅಯಸ್ಕಾಂತ ಅಲುಗುತ್ತದೆ, ಜೋಲಾಗಿ ಕಟ್ಟಿದ ಪಟ್ಟಿಯು ಇದ್ದಲ್ಲಿಯೇ ನಿಲ್ಲುತ್ತದೆ. ಪಟ್ಟಿ ಅಲುಗಿ ಅಯಸ್ಕಾಂತ ನಿಂತರೂ ಒಂದೇ, ಅಯಸ್ಕಾಂತ ಅಲುಗಿ ಪಟ್ಟಿ ನಿಂತರೂ ಒಂದೇ. ಎರಡರಿಂದಲೂ ವಿದ್ಯುತ್ತು ಹುಟ್ಟುತ್ತದೆ. ಆದುದರಿಂದ ಆರ್.ಸಿ.ಎ.ಯವರು ಆ ಭಾರಿ ಮೈಕನ್ನು ನೇರವಾಗಿ ಕಂಬಕ್ಕೆ ತಿರುಗಿಸದೆ, ನಡುವೆ ರಬ್ಬರಿನ ಮೆತ್ತೆಯನ್ನಿಟ್ಟರು. ಮುಂದೆ ೧೯೪೯ರಲ್ಲಿ ಬರ್ಲಿನ್ನಿನ ನ್ಯೂಮನ್ ಕಂಪನಿಯ ಯು ೪೭ ಮೊದಲಾದ ಬೇರೆ ಜಾತಿಯ ಮೈಕುಗಳು ಬಂದ ಮೇಲೂ, ಅವುಗಳನ್ನು ಎಳೆದು ಕಟ್ಟಿದ ರಬ್ಬರು ದಾರಗಳ ತೊಟ್ಟಿಲಲ್ಲಿ ತೂಗುವ ಪದ್ಧತಿ ಬೆಳೆಯಿತು.

ನಮ್ಮ ದೇಶದಲ್ಲಿ ಇದೇ ಮುಂಬಯಿಯಲ್ಲಿ ೧೯೨೭ರ ಜುಲೈ ೨೩ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಕೇಂದ್ರ ಪ್ರಾರಂಭವಾಯಿತು. ಕನ್ನಡ ನಾಡಿನಲ್ಲಿ ಆ ಕೆಲಸವನ್ನು ಕೈಗೊಂಡವರು ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು. ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ಮನೆಯಾದ ವಿಠ್ಠಲ ವಿಹಾರದಿಂದಲೇ ಅವರು ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಮೈಸೂರಿನ ಈ ಕೇಂದ್ರದ್ದು. ಸ್ವಾತಂತ್ರ್ಯ ಬಂದ ಮೇಲೆ ಅದೇ ಹೆಸರನ್ನು ಇಡೀ ದೇಶದ ಬಾನುಲಿಯು ತನ್ನದಾಗಿಸಿಕೊಂಡಿತು. ೧೯೫೦ರ ಜನವರಿ ೮ರಂದು ಧಾರವಾಡದ ಕೇಂದ್ರ ಹುಟ್ಟಿತು. ೧೯೫೫ರ ನವೆಂಬರಿನಲ್ಲಿ ಮೈಸೂರಿನ ಕೇಂದ್ರವು ಬೆಂಗಳೂರಿಗೆ ಹೋಯಿತು. ನಮ್ಮ ಹಿರಿಯರು ಅಂದು ಕೇಳಿದ ಹಾಡು, ನಾಟಕ, ಭಾಷಣಗಳೆಲ್ಲ ಹೀಗೆ ಯಾವುದೋ ಒಂದು ಮೈಕಿನ ಮೂಲಕ ಹಾದುಬಂದುವು. ಆ ಮೈಕಿನ ಮುಂದೆ ನಿಂತವರ ಹೆಸರು ನಮಗೆ ನೆನಪಿದೆ. ಅದರ ಕೆಳಗೆ ಕುಳಿತು ನೆಲದ ನಡುಕವನ್ನು ನುಂಗಿಕೊಂಡ ರಬ್ಬರನ್ನು ನೆನೆದವರಿಲ್ಲ.

ಇನ್ನು ಆ ರಬ್ಬರಿನ ಜಾತಕವನ್ನು ನೋಡೋಣ. ದಕ್ಷಿಣ ಕನ್ನಡದ ಸುಳ್ಯ, ಬೆಳ್ತಂಗಡಿಯ ಕಡೆಯಿಂದ ಬಂದ ನಮ್ಮ ಸದಸ್ಯರಿಗೆ ಮರದ ಹಾಲು, ಅದನ್ನು ಹೆಪ್ಪುಗಟ್ಟಿಸಿ ಮಾಡಿದ ಹಾಳೆ, ಹೊಗೆಗೂಡು ಎಲ್ಲವೂ ಪರಿಚಿತ. ಆ ಮರ ನಮ್ಮ ದೇಶದ್ದಲ್ಲ. ೧೮೭೬ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಆಂಗ್ಲನು ಬ್ರೆಜಿಲ್ ದೇಶದಿಂದ ಸುಮಾರು ೭೦,೦೦೦ ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದನು. ಮೊಳೆತವು ಮೂರು ಸಾವಿರಕ್ಕೂ ಕಡಿಮೆ. ಆ ಸಸಿಗಳಲ್ಲಿ ಹೆಚ್ಚಿನವು ಸಿಂಹಳಕ್ಕೆ ಹೋಗಿ, ಅಲ್ಲಿಂದ ಏಷ್ಯದ ತೋಟಗಳು ಬೆಳೆದುವು. ೧೯೦೨ರಲ್ಲಿ ಕೇರಳದ ಪೆರಿಯಾರ್ ನದಿಯ ದಡದ ತಟ್ಟೇಕಾಡಿನಲ್ಲಿ ರಬ್ಬರು ತೋಟವೆದ್ದಿತು.

ಹಸಿ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಸೆಡೆಯುತ್ತದೆ. ೧೮೩೯ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಈ ದೋಷ ಹೋಗುವುದೆಂದು ಕಂಡುಕೊಂಡನು. ರಬ್ಬರಿನ ಅಣುಗಳು ಉದ್ದವಾದ ದಾರಗಳಿದ್ದಂತೆ. ಗಂಧಕವು ಆ ದಾರಗಳ ನಡುವೆ ಅಲ್ಲಲ್ಲಿ ಗಂಟು ಹಾಕುತ್ತದೆ. ಗಂಟು ಕಡಿಮೆಯಿದ್ದರೆ ಮೃದು, ಹೆಚ್ಚಿದ್ದರೆ ಗಟ್ಟಿ.

ರಬ್ಬರಿನ ಸಾವೂ ಇಲ್ಲಿಂದಲೇ ಬರುತ್ತದೆ. ಕಾರ್ಖಾನೆಯಿಂದ ಹೊರಬಂದ ಮೇಲೂ ಗಾಳಿಯ ಆಮ್ಲಜನಕ, ಬೆಳಕು, ಶಾಖ ಇವು ಅದರ ಮೇಲೆ ಕೆಲಸ ಮಾಡುತ್ತಲೇ ಇರುತ್ತವೆ. ಕೆಲವೆಡೆ ಹೊಸ ಗಂಟುಗಳು ಬಿದ್ದು ಅದು ಕಲ್ಲಾಗುತ್ತದೆ. ಕೆಲವೆಡೆ ದಾರಗಳೇ ತುಂಡಾಗಿ ಅಂಟಾಗುತ್ತದೆ. ಎಳೆದು ಕಟ್ಟಿದ ರಬ್ಬರಾದರೆ ಗಾಳಿಯಲ್ಲಿರುವ ಅತ್ಯಲ್ಪ ಓಜೋನೂ ಸಾಕು, ಎಳೆತಕ್ಕೆ ಅಡ್ಡವಾಗಿ ಬಿರುಕು ಬಿಡುತ್ತದೆ. ಎಣ್ಣೆ ತಾಗಿದರೆ ಉಬ್ಬುತ್ತದೆ. ತಾಮ್ರಕ್ಕೂ ಅದಕ್ಕೂ ಹಳೆಯ ವೈರ: ತಾಮ್ರದ ಅಂಶ ರಬ್ಬರನ್ನು ಬೇಗ ಕೆಡಿಸುತ್ತದೆ, ರಬ್ಬರಿನ ಗಂಧಕ ತಾಮ್ರವನ್ನು ಕರಿಗಟ್ಟಿಸುತ್ತದೆ. ಹಿಂದಿನ ಕಾಲದ ರಬ್ಬರು ಹೊದಿಕೆಯ ತಂತಿಗಳಿಗೆ ನಮ್ಮ ತಾಯಂದಿರ ಹಿತ್ತಾಳೆ ಪಾತ್ರೆಗಳಂತೆ ಕಲಾಯಿ ಹಾಕುತ್ತಿದ್ದುದು ಈ ಕಾರಣದಿಂದಲೇ. ನಾವು ಲೆಕ್ಕದಲ್ಲಿ ಬರೆಯುವ ಸವಕಳಿ ವರ್ಷ ವರ್ಷಕ್ಕೂ ಸಮನಾಗಿ ಇಳಿಯುತ್ತದೆ. ರಬ್ಬರು ಹಾಗಲ್ಲ, ಬಹುಕಾಲ ನೆಟ್ಟಗಿದ್ದಂತೆ ಕಾಣಿಸಿ, ಒಂದು ದಿನ ಮುಟ್ಟಿದಾಗ ಮುಗಿದಿರುತ್ತದೆ.

ನಮ್ಮ ಕಥೆಗೆ ಮರಳೋಣ. ಬಿಲ್ಲೆ ಕೆಟ್ಟಿದ್ದರೆ ಬೇರೆ ಬಿಲ್ಲೆ ಹಾಕಿದರಾಯಿತೆಂದು ನಾವು ಸೈಕಲ್ಲಿನ ಹಳೆಯ ಟ್ಯೂಬನ್ನು ಕತ್ತರಿಸಿ, ಪದರ ಪದರವಾಗಿ ತುರುಕಿ, ಮೈಕು ಅಲ್ಲಾಡಬಾರದೆಂದು ತಿರುಪುಗಳನ್ನು ಬಿಗಿಯಾಗಿ ತಿರುಗಿಸಿದೆವು. ಅಲ್ಲಾಡದ ಮೈಕನ್ನು ನೋಡಿ ನಮಗೆ ಬಹಳ ತೃಪ್ತಿಯಾಯಿತು. ಪರೀಕ್ಷಿಸಿದರೆ ಗುಡುಗು ಮೊದಲಿಗಿಂತ ಹೆಚ್ಚಾಗಿತ್ತು!

ಅದೇಕೆಂಬುದನ್ನು ತಿಳಿಸಿದವರು ಲ್ಯಾಮಿಂಗ್ಟನ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಕೂಡುವ ಒಬ್ಬ ವೃದ್ಧ ರಿಪೇರಿಯವರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಅಲ್ಲಾಡದಿದ್ದರೆ ಆ ರಬ್ಬರು ಇದ್ದೂ ಇಲ್ಲದಂತೆ ಎಂಬುದು ಅವರ ಮೊದಲ ಮಾತು. ಮೈಕಿನ ಭಾರಕ್ಕೆ ರಬ್ಬರು ಎಷ್ಟು ಕುಸಿಯುತ್ತದೆಂಬುದರ ಮೇಲೆ ಎಲ್ಲವೂ ನಿಂತಿದೆ. ಇದಕ್ಕೊಂದು ಲೆಕ್ಕವಿದೆ, ಲೆಕ್ಕವೆಂದ ಮೇಲೆ ನಾವು ಬಿಡುವವರಲ್ಲ. ಭಾರಕ್ಕೆ ೧ ಮಿಲಿಮೀಟರು ಕುಸಿದರೆ ಮೈಕು ತನ್ನ ಮೆತ್ತೆಯ ಮೇಲೆ ಸೆಕೆಂಡಿಗೆ ಸುಮಾರು ೧೬ ಸಲ ತೂಗಾಡುವ ಸ್ವಭಾವ ಪಡೆಯುತ್ತದೆ. ೪ ಮಿಲಿಮೀಟರು ಕುಸಿದರೆ ೮ ಸಲ. ರಬ್ಬರು ಕಲ್ಲಾಗಿ ಕಾಲು ಮಿಲಿಮೀಟರು ಮಾತ್ರ ಕುಸಿದರೆ ೩೨ ಸಲ. ನೆಲದ ನಡುಕವು ಈ ಸಂಖ್ಯೆಯ ಸುಮಾರು ಒಂದೂವರೆ ಪಟ್ಟಿಗಿಂತ ವೇಗವಾಗಿದ್ದರೆ ಮಾತ್ರ ಮೆತ್ತೆ ಅದನ್ನು ತಡೆಯುತ್ತದೆ. ಸೆಕೆಂಡಿಗೆ ೪೦ರಂತೆ ಬರುವ ನಡುಕವನ್ನು ೮ರ ಮೆತ್ತೆಯು ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ ಮಾಡಬಲ್ಲದು. ಅದೇ ನಡುಕವನ್ನು ೩೨ರ ಮೆತ್ತೆಯು ತಡೆಯುವುದಿರಲಿ, ತೊಟ್ಟಿಲನ್ನು ತಾಳಕ್ಕೆ ಸರಿಯಾಗಿ ನೂಕಿದಂತೆ ಇನ್ನೂ ದೊಡ್ಡದು ಮಾಡುತ್ತದೆ. ಅಜ್ಜಿಗೆ ಕೇಳಿಸಿದ ಬೀಸುಕಲ್ಲು ಇದೇ. ರಬ್ಬರು ಉಕ್ಕಿನ ಸ್ಪ್ರಿಂಗಿನಷ್ಟು ಕರಾರುವಾಕ್ಕಾಗಿ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಆದರೂ ಅಂದಾಜಿಗೆ ಇಷ್ಟು ಸಾಕು.

ಕಾಕಾ ಕೆಲಸ ಮಾಡಿದ ಕ್ರಮವನ್ನೂ ಹೇಳಬೇಕು. ಅದರಲ್ಲಿ ಕಲಿಯುವುದು ಬಹಳವಿದೆ. ಮೊದಲು ಮೇಜಿನ ಮೇಲಿನ ಕಬ್ಬಿಣದ ಪುಡಿಯನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದರು. ಮೈಕಿನ ಅಯಸ್ಕಾಂತವು ಒಂದು ಚೂರನ್ನು ಸೆಳೆದುಕೊಂಡರೂ ಆ ತೆಳು ಪಟ್ಟಿ ಹರಿಯುವ ಭಯವಿದೆ. ಮೈಕಿನ ತಲೆಗೆ ಚೀಲ ಕಟ್ಟಿದರು. ಅದನ್ನು ಕೊನೆಯವರೆಗೂ ನೆಟ್ಟಗೆ ನಿಲ್ಲಿಸಿಯೇ ಇಟ್ಟರು. ಮಲಗಿಸಿದರೆ ಪಟ್ಟಿ ತನ್ನ ಭಾರಕ್ಕೇ ಜೋತುಬೀಳಬಹುದು. ಧೂಳು ಕಂಡರೂ ಬಾಯಿಂದ ಊದಲಿಲ್ಲ. ಹಳೆಯ ಬಿಲ್ಲೆಗಳ ಅಗಲ, ದಪ್ಪ, ನಡುವಿನ ತೂತು ಇವನ್ನು ಅಳೆದರು. ಗಟ್ಟಿತನವನ್ನು ಮಾತ್ರ ಅವುಗಳಿಂದ ಅಳೆಯಲಿಲ್ಲ. ಈಗಿನ ಗಟ್ಟಿತನ ಮುಪ್ಪಿನದು, ಹುಟ್ಟಿನದಲ್ಲ ಎಂದರು. ಈ ಮಾತು ನಮಗೆ ಬಹಳ ಹಿಡಿಸಿತು. ಅನಂತರ ಮೈಕನ್ನು ತಕ್ಕಡಿಯಲ್ಲಿ ತೂಗಿ, ಬೇರೆ ಬೇರೆ ಮೃದುತ್ವದ ಹಾಳೆಗಳಿಂದ ಬಿಲ್ಲೆ ಕತ್ತರಿಸಿ, ಒಂದೊಂದನ್ನೂ ಇಟ್ಟು, ಎಷ್ಟು ಕುಸಿಯಿತೆಂದು ಅಡಿಕೋಲಿನಿಂದ ನೋಡಿದರು. ಮೂರನೆಯ ಸಲ ಮೂರೂವರೆ ಮಿಲಿಮೀಟರಿಗೆ ಬಂದಿತು. ಮೈಕಿನ ತಂತಿಯನ್ನೂ ಸಡಿಲವಾಗಿ ಬಳಸಿ ಬಿಟ್ಟರು; ಸೆಟೆದ ತಂತಿಯು ರಬ್ಬರನ್ನು ದಾಟಿ ನಡುಕವನ್ನು ಹೊತ್ತು ತರುತ್ತದೆ.

ಯಾವ ರಬ್ಬರು ಎಂಬುದೂ ಒಂದು ಪ್ರಶ್ನೆ. ಮರದ ರಬ್ಬರು ಪುಟಿಯುವುದರಲ್ಲಿ ಮೇಲು, ಆದರೆ ಓಜೋನಿಗೆ ಬೇಗ ಸೋಲುತ್ತದೆ. ೧೯೩೦ರ ದಶಕದಲ್ಲಿ ಬಂದ ನಿಯೋಪ್ರೀನ್, ೧೯೬೦ರ ದಶಕದಲ್ಲಿ ಬಳಕೆಗೆ ಬಂದ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರುಗಳು ಹೆಚ್ಚು ಕಾಲ ಬಾಳುತ್ತವೆ. ಸಿಲಿಕೋನ್ ವಯಸ್ಸಿಗೆ ಜಗ್ಗುವುದಿಲ್ಲ, ಆದರೆ ಸುಲಭವಾಗಿ ಹರಿಯುತ್ತದೆ. ಕಾಕಾ ಇ.ಪಿ.ಡಿ.ಎಂ. ಹಾಕಿದರು. ರಬ್ಬರಿಗೆ ೮೦ ರೂಪಾಯಿ, ಮಜೂರಿ ೬೦೦. ಹಳೆಯ ಬಿಲ್ಲೆಗಳನ್ನು ಎಸೆಯಲಿಲ್ಲ. ಪೊಟ್ಟಣದಲ್ಲಿ ಕಟ್ಟಿ, ದಿನಾಂಕ ಬರೆದು, ಲೋಹಕ್ಕೆ ತಾಗದಂತೆ ಬೇರೆ ಇಡಿರೆಂದು ಕೈಗಿತ್ತರು. ಮುಂದೆ ಯಾರಾದರೂ ಮೂಲ ಹೇಗಿತ್ತೆಂದು ಕೇಳಿದರೆ ತೋರಿಸಲು ಅದೊಂದೇ ಸಾಕ್ಷಿ.

ಹಳೆಯ ಮೈಕಿನಲ್ಲಿ ಕೆಡುವುದು ಬಿಲ್ಲೆಯೊಂದೇ ಅಲ್ಲವೆಂಬುದನ್ನೂ ಇಲ್ಲಿ ಸೇರಿಸುತ್ತೇವೆ. ಕೆಲವು ಮೈಕುಗಳ ಜಾಲರಿಯೊಳಗೆ ಗಾಳಿ ತಡೆಯಲೆಂದು ಇಟ್ಟ ಸ್ಪಂಜು ತೇವಕ್ಕೆ ಅಂಟು ಪುಡಿಯಾಗಿ ಒಳಗೆ ಉದುರುತ್ತದೆ. ತಂತಿಯ ರಬ್ಬರು ಹೊದಿಕೆ ಸಿಡಿದು ತಂತಿಗೆ ತಂತಿ ತಾಗುತ್ತದೆ. ಯು ೪೭ರಂಥ ಮೈಕುಗಳಿಗೆ ಬೇರೆ ಪೆಟ್ಟಿಗೆಯಿಂದ ನೂರು ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತು ಹೋಗುವುದರಿಂದ, ಅಂಥದನ್ನು ತಿಳಿಯದವರು ಬಿಚ್ಚಲೇಬಾರದು.

ಅಕ್ಟೋಬರಿನಲ್ಲಿ ಅಜ್ಜಿಯನ್ನು ಮತ್ತೆ ಕರೆತಂದೆವು. ಸೈಕಲ್ ಟ್ಯೂಬಿನ ಪ್ರಯೋಗ, ಮಳೆಗಾಲ, ಬ್ಯಾಂಕಿನ ಅರ್ಧವರ್ಷದ ಲೆಕ್ಕ ಇವುಗಳಲ್ಲಿ ನಾಲ್ಕು ತಿಂಗಳು ಕಳೆದಿದ್ದುವು. ಗಾಳಿಯಲ್ಲಿ ಬರುವ ಸದ್ದನ್ನು ರಬ್ಬರು ತಡೆಯಲಾರದು. ಗಾಡಿಯ ಸಿಳ್ಳು ದೂರದಲ್ಲಿ ಕೇಳಿಸಿತು. ಆದರೆ ನೆಲದ ಗುಡುಗು ಇರಲಿಲ್ಲ. ಅಜ್ಜಿ ಕೇಳಿ, "ಈಗ ಬರೇ ದನಿ ಅದ" ಎಂದರು.

ಹಾಡಿದ್ದು ಎಂಟು ಹಾಡು. ಒಂಬತ್ತನೆಯದು ಅವರಿಗೆ ನೆನಪಿಗೆ ಬರಲಿಲ್ಲ. ಜೂನಿನಲ್ಲಿ ಹಾಡಿದ್ದೀರಿ ಎಂದರೆ, ಹಾಡಿರಬೇಕು ಎಂದರು. ಮೊದಲಿನ ಮುದ್ರಣವನ್ನು ಹಾಕಿ ಕೇಳಿಸಿದೆವು. ಅಜ್ಜಿ ಕಿವಿಗೊಟ್ಟು ಕೇಳಿ, "ದನಿ ನಂದs ಅದ ತಮ್ಮಾ, ಮಾತು ತಿಳಿಯವಲ್ದು" ಎಂದರು. ಗಣಕಯಂತ್ರದಲ್ಲಿ ಸೋಸಿಯೂ ನೋಡಿದೆವು. ಗುಡುಗಿನ ಹೊಡೆತಕ್ಕೆ ಮುದ್ರಣವೇ ಮಿತಿಮೀರಿ ದನಿ ಅಲ್ಲಲ್ಲಿ ಒಡೆದುಹೋಗಿದೆ. ಗುಡುಗನ್ನು ತೆಗೆದರೂ ಒಡೆದ ದನಿ ಕೂಡಲಿಲ್ಲ. ಅಂದೇ ನಮ್ಮ ಜೇಬಿನಲ್ಲಿದ್ದ ಮೊಬೈಲಿನಲ್ಲಾದರೂ ಇನ್ನೊಮ್ಮೆ ಹಾಡಿಸಿ ಹಿಡಿದಿದ್ದರೆ ಆ ಹಾಡು ಉಳಿಯುತ್ತಿತ್ತು. ಮೈಕು ಸರಿಯಾಗಲೆಂದು ನಾವು ಕಾದೆವು. ಅಜ್ಜಿಯ ನೆನಪು ಕಾಯಲಿಲ್ಲ. ಈ ತಪ್ಪು ನಮ್ಮದೇ.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹ ಎರಡು. ಯಾರ ಮನೆಯಲ್ಲಾದರೂ ಹಿರಿಯರ ಕಾಲದ ಮೈಕು, ಟೇಪ್ ಯಂತ್ರ, ಗ್ರಾಮೊಫೋನು ಇದ್ದರೆ, ವಿದ್ಯುತ್ತು ಕೊಡುವ ಮೊದಲು ಅದರ ರಬ್ಬರು ಭಾಗಗಳನ್ನು ಬಲ್ಲವರಿಗೆ ತೋರಿಸಬೇಕು. ಎರಡನೆಯದು, ಅಜ್ಜಿಯ ಆ ಜೂನ್ ತಿಂಗಳ ಮುದ್ರಣವನ್ನು ನಾವು ಅಳಿಸದೆ ಇಟ್ಟಿದ್ದೇವೆ. ಒಂಬತ್ತನೆಯ ಹಾಡಿನಲ್ಲಿ ಮೂರು ನುಡಿಗಳು ಅರ್ಧಂಬರ್ಧ ತಿಳಿಯುತ್ತವೆ, ಧಾಟಿ ಪೂರ್ತಿ ತಿಳಿಯುತ್ತದೆ. ಧಾರವಾಡ, ಗದಗ, ಹಾವೇರಿಯ ಕಡೆಯ ಬೀಸುವ ಪದಗಳನ್ನು ಬಲ್ಲ ತಾಯಂದಿರು ನಮ್ಮ ಸದಸ್ಯರ ಮನೆಗಳಲ್ಲಿದ್ದರೆ, ಯಾವುದಾದರೂ ಒಂದು ಭಾನುವಾರ ಸಂಘದ ಕೊಠಡಿಗೆ ಬಂದು ಅದನ್ನು ಕೇಳಿ, ಉಳಿದ ನುಡಿಗಳನ್ನು ತುಂಬಿಕೊಡಬೇಕೆಂದು ಪ್ರಾರ್ಥಿಸುತ್ತೇವೆ. ಮೈಕು ಸಿದ್ಧವಾಗಿದೆ.